ಹಳದಿ ಗಿಲಕಿ ವಾಪಸ್ ಕೇಳಿದವರು

ಬೊಂಬೆ ಮುಗಿದ ಕೂಡಲೇ ಮೇಸ್ತ್ರಿ ಅದನ್ನು ಬಾಯಿಗಿಟ್ಟು ಕಚ್ಚುತ್ತಿದ್ದರು. ಮುಂದಿನ ಎರಡು ಹಲ್ಲುಗಳ ಅಂಚು ಅದರಿಂದಲೇ ಸವೆದಿತ್ತು. "ಮಕ್ಳು ಮೊದ್ಲು ಬಾಯಿಗೇ ಹಾಕ್ಕಳದು ಕಣವ್ವ. ಅದ್ಕೇ ನಾನೂ ಹಾಕ್ಕತೀನಿ," ಎನ್ನುತ್ತಿದ್ದರು.

ಚನ್ನಪಟ್ಟಣದ ನಮ್ಮ ಬೀದಿಯ ಕೊನೆಯಲ್ಲಿ ಅವರ ಕಾರ್ಖಾನೆ. ನಾಲ್ಕು ಲೇತು, ಆರು ಜನ. ಬಿ.ಕಾಂ. ಮುಗಿಸಿ ಕೆಲಸವಿಲ್ಲದೆ ಕೂತಿದ್ದ ನನಗೆ ಉಳಿ ಹಿಡಿಯಲು ಕಲಿಸಿದವರು ಅವರೇ. ತಿರುಗುವ ಮರಕ್ಕೆ ಬಣ್ಣದ ಅರಗು ಒತ್ತಿ, ತಾಳೆಗರಿಯಿಂದ ಹೊಳಪು ಕೊಡುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹೊಳಪು ಕೈಗೇ ಗೊತ್ತಾಗುತ್ತದೆ ಎಂಬುದು ಅವರ ವಾದ. ಬೀದಿಯ ಯಾವ ಮನೆಯಲ್ಲಿ ತೊಟ್ಟಿಲು ಶಾಸ್ತ್ರವಾದರೂ ಅರಿಶಿನ ಬಣ್ಣದ ಗಿಲಕಿ ಅವರದೇ, ಪುಕ್ಕಟೆ.

ಸಣ್ಣ ಕಸುಬುದಾರರ ಸಾಮಾನು ಹೊರದೇಶಗಳಿಗೆ ಹೋಗಲು ನೆರವಾಗುವ ಅಂತರರಾಷ್ಟ್ರೀಯ ಸಂಸ್ಥೆಯೊಂದು ಊರಿಗೆ ಬಂದದ್ದು ಆಮೇಲೆ. ಪ್ಯಾಕಿಂಗ್, ಸುರಕ್ಷತಾ ನಿಯಮ, ಖರೀದಿದಾರರ ಜೊತೆ ಮಾತುಕತೆ, ಎಲ್ಲ ಕಲಿಸಿದರು. ತಮ್ಮ ಖರ್ಚಿನಲ್ಲೇ ನಮ್ಮ ಬೊಂಬೆಗಳನ್ನು ಪ್ರಯೋಗಾಲಯಕ್ಕೆ ಕಳಿಸಿದರು. "ನಮ್ದ್ರಲ್ಲಿ ಏನ್ ನೋಡ್ತಾರೆ? ಅರಗು, ಅರಿಶಿನ, ಅಷ್ಟೇಯ," ಎಂದು ಮೇಸ್ತ್ರಿ ನಕ್ಕಿದ್ದರು.

ವರದಿ ನನ್ನ ಫೋನಿಗೆ ಬಂತು. ಹಳದಿಯಲ್ಲಿ ಸೀಸ. ಮಿತಿಗಿಂತ ಬಹಳ ಹೆಚ್ಚು. ವರ್ಷಗಟ್ಟಲೆ ನಾವು ಅರಿಶಿನವೆಂದು ತರುತ್ತಿದ್ದ ಪುಡಿಗೆ ಯಾರೋ ವಿಷದ ಬಣ್ಣ ಬೆರೆಸಿದ್ದರು. ಪುಡಿ ಬದಲಾಯಿಸಿ, ವರದಿಯ ಈ ಸಾಲನ್ನು ಮೇಸ್ತ್ರಿಗೆ ಹೇಳದೇ ಬಿಡೋಣವೇ ಎಂದು ಮಧ್ಯಾಹ್ನದವರೆಗೂ ಯೋಚಿಸಿದೆ. ಕೊನೆಗೆ ಅವರ ಮುಂದೆ ಓದಿದೆ.

ಲೇತು ನಿಲ್ಲಿಸಿದರು. "ಇನ್ನೊಂದ್ಸಲ ಓದು."

ಓದಿದೆ.

"ಸೀಸದಿಂದ ಮಕ್ಕಳಿಗೆ ಏನಾಯ್ತದೆ?"

"ಮಿದುಳಿಗೆ ತೊಂದ್ರೆ ಅಂತಾರೆ, ಮೇಸ್ತ್ರಿ."

ಕೈಯಲ್ಲಿದ್ದ ಉಳಿ ಕೆಳಗಿಟ್ಟರು. "ನನ್ ಮೊಮ್ಮಗಳು ಅದನ್ನ ಚೀಪ್ಕಂಡೇ ಮಲಗ್ತಾಳೆ ಕಣವ್ವ," ಎಂದರು.

ಇದು ಸರಿಪಡಿಸಬಹುದಾದದ್ದು, ಶುದ್ಧ ಬಣ್ಣ ಸಿಗುವ ಕಡೆ ನಾವೇ ಹುಡುಕಿಕೊಡುತ್ತೇವೆ ಎಂದು ಸಂಸ್ಥೆಯ ಅಧಿಕಾರಿ ಫೋನಿನಲ್ಲಿ ಸಮಾಧಾನ ಹೇಳಿದರು. ಮೇಸ್ತ್ರಿ ಆಗಲೇ ಗೋಣಿಚೀಲ ಹಿಡಿದು ಹೊರಟಿದ್ದರು. ಮೂರು ದಿನ ಇಬ್ಬರೂ ಮನೆಮನೆ ಹತ್ತಿ ಇಳಿದೆವು. "ನಾ ಕೊಟ್ಟ ಗಿಲಕಿ ವಾಪಸ್ ಕೊಡಿ. ಅದ್ರಲ್ಲಿ ವಿಷ ಐತೆ. ಮಗೀನ ಆಸ್ಪತ್ರೆಗೆ ತೋರ್ಸಿ." ಒಬ್ಬ ತಾಯಿ ಗಿಲಕಿಯನ್ನು ಅವರ ಎದೆಗೇ ಎಸೆದಳು. ಬಗ್ಗಿ ಎತ್ತಿಕೊಂಡು ಚೀಲಕ್ಕೆ ಹಾಕಿದರು.

ಮೊಮ್ಮಗಳ ರಕ್ತದಲ್ಲೂ ಸೀಸ ಸಿಕ್ಕಿತು. ವೈದ್ಯರ ನಿಗಾದಲ್ಲಿ ನಿಧಾನಕ್ಕೆ ಇಳಿಯಿತು. ಅಲ್ಲಿಯವರೆಗೆ ಮೇಸ್ತ್ರಿ ಲೇತಿನ ಮುಂದೆ ಕೂರಲಿಲ್ಲ.

ಸಂಸ್ಥೆ ಕರೆದಿದ್ದ ಖರೀದಿದಾರರ ಸಭೆಯಲ್ಲಿ ಮೇಸ್ತ್ರಿಯೇ ಎದ್ದು ಎಲ್ಲ ಹೇಳಿಬಿಟ್ಟರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದೆ. ನಮ್ಮ ಕಥೆ ಮುಗಿಯಿತು ಅಂದುಕೊಂಡೆ. ಮುಂದಿನ ವರ್ಷ ಹೊಸ ಬಣ್ಣ ಪರೀಕ್ಷೆಯಲ್ಲಿ ಪಾಸಾದ ಮೇಲೆ, ಅಂದು ಸಭೆಯಲ್ಲಿದ್ದ ಒಬ್ಬಾಕೆ ಆರ್ಡರು ಕೊಟ್ಟರು. ಬೊಂಬೆಗಳು ಹಡಗು ಹತ್ತುವ ಮೊದಲೇ ಮೇಸ್ತ್ರಿ ಎದೆನೋವಿನಿಂದ ಹೋಗಿಬಿಟ್ಟರು.

ಈಗ ಅದೇ ಸಂಸ್ಥೆಯ ಪರವಾಗಿ ಬೇರೆ ಊರಿನ ಕಸುಬುದಾರರಿಗೆ ನಾನು ವರದಿ ಓದಿ ಹೇಳುತ್ತೇನೆ. ಕೆಟ್ಟ ಸಾಲು ಬಂದಾಗ ಇವತ್ತಿಗೂ ಅದನ್ನು ಕೊನೆಗೆ ತಳ್ಳೋಣ ಅನ್ನಿಸುತ್ತದೆ. ಅವತ್ತು ಮುಚ್ಚಿಡಬೇಕೆಂದುಕೊಂಡಿದ್ದೆ ಎಂದು ಮೇಸ್ತ್ರಿಯ ಮುಂದೆ ಒಮ್ಮೆ ಒಪ್ಪಿಕೊಂಡಿದ್ದೆ. ಬಯ್ಯಲಿಲ್ಲ. "ಓದಿದ್ಯಲ್ಲ, ಸಾಕು. ಇನ್ಮ್ಯಾಕೆ ತಡ ಮಾಡ್ಬ್ಯಾಡ," ಎಂದರು.

ಆ ಕೆಟ್ಟ ಸಾಲನ್ನೇ ಮೊದಲು ಓದುತ್ತೇನೆ.