ಮಸ್ಕಿ ಬಸ್ ನಿಲ್ದಾಣದಲ್ಲಿ ತೆಗೆದ ಜವಳ

ನೀವು ನಂಬುವುದಿಲ್ಲ, ಗೊತ್ತು. ಎಪ್ಪತ್ತು ದಾಟಿದ ನಾನು ಮಸ್ಕಿ ಬಸ್ ನಿಲ್ದಾಣದಲ್ಲಿ ಗುರುತೇ ಇಲ್ಲದ ಕೂಸಿಗೆ ಸೋದರಮಾವನಾದೆ.

ತಾಯಿಯ ಮಡಿಲಲ್ಲಿದ್ದ ಆ ಕೂಸಿಗೆ ಮೈಗಿಂತ ತಲೆಯೇ ಭಾರವಾಗಿತ್ತು.

"ತಲ್ಯಾಗ ನೀರು ಹರಿಯೋ ದಾರಿ ಕಟ್ಟೈತಂತ್ರಿ. ನಳಿಗಿ ಹಾಕಿ ಹೊಟ್ಟಿಗೆ ಇಳಿಸ್ತಾರಂತ. ತಡಾ ಆದ್ರ ಕಣ್ಣು ಹೋಗ್ತಾವಂತ" ಎಂದಳು ತಾಯಿ.

ಅವಳ ಅತ್ತೆ ಮಾತ್ರ ಇಬ್ಬರನ್ನೂ ಊರಿಗೆ ವಾಪಸ್ ಕರೆದೊಯ್ಯಲು ಹೊರಟಿದ್ದಳು. ಆಪರೇಷನ್‌ಗೆ ತಲೆ ಬೋಳಿಸುತ್ತಾರೆ, ಆದರೆ ಮನೆದೇವರಿಗೆ ಹರಕೆ ಹೊತ್ತ ಮೊದಲ ಕೂದಲನ್ನು ಇನ್ನೂ ತೆಗೆದಿರಲಿಲ್ಲ.

"ಸೋದರಮಾವನ ತೊಡಿ ಮ್ಯಾಲ ಜವಳ ತೆಗೀಬೇಕ್ರಿ. ಇಕಿ ಅಣ್ಣ ದುಡಿಯಾಕ ಹೋಗ್ಯಾನ, ಶ್ರಾವಣಕ್ಕ ಬರ್ತಾನ" ಎಂದಳು ಅತ್ತೆ.

"ಈ ತಂಗಿಗೆ ನಾ ಅಣ್ಣ ಅಲ್ಲೇನು? ಸಿಂಧನೂರು, ಲಿಂಗಸೂಗೂರು ಹುಡುಕಿದ್ರೂ ಇಂಥಾ ಚಂದದ ಮಾವ ಸಿಗಂಗಿಲ್ಲ. ನಿಮ್ಮ ದೇವ್ರು ಸಿಟ್ಟಾದ್ರ ನನ್ನ ಹೆಸರು ಹೇಳು, ನಾ ಜಗಳಾಡ್ತೀನಿ" ಎಂದೆ.

ಅತ್ತೆಗೆ ನಗು ತಡೆಯಲಾಗಲಿಲ್ಲ. ಎದುರಿನ ಕಟಿಂಗ್ ಅಂಗಡಿಯಿಂದ ಕತ್ತರಿ ತಂದೆ. ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒಂದಿಷ್ಟು ಕೂದಲು ಕತ್ತರಿಸಿದೆ. ಅದು ನನ್ನನ್ನು ನೋಡಿ ನಕ್ಕಿತು. ಅತ್ತೆ ಆ ಕೂದಲನ್ನು ಸೆರಗಿಗೆ ಗಂಟು ಹಾಕಿಕೊಂಡು, ಸೊಸೆಯ ಜೊತೆ ಆಸ್ಪತ್ರೆಗೆಂದು ರಾಯಚೂರು ಬಸ್ ಹತ್ತಿದಳು.

ಇದರಲ್ಲಿ ಸುಳ್ಳು ಒಂದೇ: ಕೂಸು ನಗಲಿಲ್ಲ. ತಲೆಯೊಳಗಿನ ನೀರಿನ ಒತ್ತಡಕ್ಕೆ ಅದರ ಕಣ್ಣುಗುಡ್ಡೆಗಳು ಕೆಳಗಿಳಿದಿದ್ದವು. ನಾನು ಕೋತಿಯಂತೆ ಎಷ್ಟು ಮುಖ ಕಿವುಚಿದರೂ ಅವು ನನ್ನತ್ತ ಮೇಲೇರಲಿಲ್ಲ.