ಮಗ್ಗ ಸವೆಸಿದ ಹೆಬ್ಬೆಟ್ಟು

ದೊಡ್ಡಬಳ್ಳಾಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ವಿದ್ಯುತ್ ಮಗ್ಗವಿದೆ. ಪಕ್ಕದಲ್ಲಿ ಇನ್ನೊಂದು ಹಾಕಿಸಬೇಕೆಂಬುದು ನನ್ನ ಬಹುದಿನದ ಆಸೆ. ಬ್ಯಾಂಕಿಗೆ ಹೋದರೆ ಮ್ಯಾನೇಜರ್ ಕಂಪ್ಯೂಟರ್ ನೋಡಿ, ಸಾಲ ಕೊಡಲಾಗುವುದಿಲ್ಲ ಎಂದರು. ನಾನು ದುಬಾರಿ ಫೋನು ಕೊಂಡು, ಒಂದು ಕಂತೂ ಕಟ್ಟದೆ ಕೈಕೊಟ್ಟಿದ್ದೇನಂತೆ! ಆಗ ನನ್ನ ಕೈಯಲ್ಲಿದ್ದದ್ದು ಗಾಜು ಒಡೆದ ಹಳೇ ಫೋನು.

ಹಿಂದೊಮ್ಮೆ ಬಸ್ ಸ್ಟ್ಯಾಂಡಿನ ಹತ್ತಿರ ಕೊಡೆ ಕೆಳಗೆ ಸಿಮ್ ಮಾರುತ್ತಿದ್ದವನಿಗೆ ಆಧಾರ್, ಪ್ಯಾನ್ ಎರಡರ ಜೆರಾಕ್ಸೂ ಕೊಟ್ಟು ಬಂದಿದ್ದೆ. ಅವನದೇ ಕೆಲಸವಿರಬೇಕು. ಈಗ ಆ ಕೊಡೆಯೂ ಇಲ್ಲ, ಅವನೂ ಇಲ್ಲ.

"ಹೋಗ್ಲಿ ಬಿಡೇ, ಕಟ್ಟಿ ಬಿಸಾಕೋಣ. ಮಗ್ಗನಾದ್ರೂ ಬರುತ್ತೆ," ಎಂದರು ಯಜಮಾನರು.

ನನಗೆ ಮೈಯೆಲ್ಲ ಉರಿಯಿತು. "ಕಟ್ಟಿದ್ರೆ ನಾನೇ ತಗೊಂಡೆ ಅಂತ ಒಪ್ಕೊಂಡಂಗೆ ಕಣ್ರೀ. ಮಗ್ಗ ಬರದಿದ್ರೂ ಸರಿ, ಒಂದು ಕಾಸೂ ಕಟ್ಟಲ್ಲ."

ಠಾಣೆಯಲ್ಲಿ ದೂರು ಕೊಟ್ಟೆ. ಯಾರು ಸಾಲ ಸರಿಯಾಗಿ ತೀರಿಸುತ್ತಾರೆಂದು ನೋಡಿ ಎಲ್ಲರಿಗೂ ಅಂಕ ಹಾಕುವ ಸಂಸ್ಥೆಗೆ ತಕರಾರು ಕಳಿಸಿದೆ. ಅವರು ಫೋನಿಗೆ ಸಾಲ ಕೊಟ್ಟ ಫೈನಾನ್ಸ್ ಕಂಪನಿಯನ್ನು ಕೇಳಿದರು. ಕಂಪನಿ ಎಲ್ಲ ಸರಿಯಾಗಿದೆ ಎಂದಿತು. ಸರಿ, ನಾನೇ ಆ ಕಂಪನಿಯ ಕಚೇರಿಗೆ ಹೋದೆ. ಅಲ್ಲಿನ ಅಧಿಕಾರಿ ತಲೆ ಎತ್ತದೆ ಹೇಳಿದ: "ಮೇಡಂ, ನೀವೇ ಫೋನ್ ಅಂಗಡಿಗೆ ಹೋಗಿ ಹೆಬ್ಬೆಟ್ಟು ಒತ್ತಿದೀರ. ಮೊದಲ ಸಲಕ್ಕೇ ಮ್ಯಾಚ್ ಆಗಿದೆ."

ನನಗೆ ನಗು ತಡೆಯಲಾಗಲಿಲ್ಲ. ರೇಷ್ಮೆ ಎಳೆ ಕಿತ್ತುಹೋದಾಗಲೆಲ್ಲ ಬೆರಳಲ್ಲೇ ಹೊಸೆದು ಕೂಡಿಸಿ, ನಮ್ಮ ಬೀದಿಯ ಹೆಂಗಸರ ಹೆಬ್ಬೆಟ್ಟಿನಲ್ಲಿ ಗೆರೆಗಳೇ ಉಳಿದಿಲ್ಲ. ರೇಷನ್ ಅಂಗಡಿಯ ಯಂತ್ರ ತಿಂಗಳು ತಿಂಗಳೂ ನಮ್ಮನ್ನು ಕಾಡಿಸುತ್ತದೆ. ಕೊನೆಗೆ ಫೋನಿಗೆ ಬರುವ ಓಟಿಪಿ ಹೇಳಿ ಅಕ್ಕಿ ತರುತ್ತೇವೆ.

"ಎಲ್ಲಪ್ಪಾ ನಿನ್ನ ಮಷೀನು? ತಗೊಂಬಾ," ಎಂದೆ.

ಒತ್ತಿದೆ. ಕೆಂಪು ದೀಪ. ಸೆರಗಿನಲ್ಲಿ ಒರೆಸಿಕೊಂಡು ಒತ್ತಿದೆ, ಮತ್ತೆ ಕೆಂಪು. ಅವನೇ ನನ್ನ ಬೆರಳು ಹಿಡಿದು ಅದುಮಿದ. ಊಹೂಂ. ಕಾಯುತ್ತಾ ಕೂತಿದ್ದವರೆಲ್ಲ ಎದ್ದು ಬಂದು ನೋಡಿದರು.

"ಈ ಹೆಬ್ಬೆಟ್ಟಿಗೆ ನನಗೇ ಅಕ್ಕಿ ಸಿಗಲ್ಲ. ಇನ್ಯಾರಿಗೋ ಹೆಂಗಪ್ಪಾ ಫೋನ್ ಸಿಕ್ತು? ಈಗ ನೋಡಿದ್ದನ್ನ ಬರೆದು ಸೀಲ್ ಹಾಕಿಕೊಡು. ಅಲ್ಲೀವರೆಗೂ ನಾನು ಏಳಲ್ಲ."

ಕಚೇರಿ ಮುಚ್ಚುವ ಹೊತ್ತಿಗೆ ಬರೆದುಕೊಟ್ಟ. ಆಮೇಲೂ ಓಡಾಟ ತಪ್ಪಲಿಲ್ಲ. ಅಂತೂ ಆ ಸಾಲವನ್ನು ನನ್ನ ಹೆಸರಿನಿಂದ ತೆಗೆದರು, ಅಂಕವೂ ಮೇಲೆ ಬಂತು.

ಎರಡನೇ ಮಗ್ಗದ ಸಾಲಕ್ಕೆ ಅದೇ ಮ್ಯಾನೇಜರ್ ಆಧಾರ್ ಜೆರಾಕ್ಸ್ ಕೇಳಿದರು. ಪೆನ್ನು ಇಸಿದುಕೊಂಡು ಜೆರಾಕ್ಸಿನ ಮೇಲೆ ಅಡ್ಡಲಾಗಿ, ದಪ್ಪ ಅಕ್ಷರದಲ್ಲಿ 'ಮಗ್ಗದ ಸಾಲಕ್ಕೆ ಮಾತ್ರ' ಎಂದು ಬರೆದೆ.

"ಹಿಂಗೆಲ್ಲ ಬರೆದ್ರೆ ಗಲೀಜಾಗುತ್ತಮ್ಮ," ಎಂದರು.

"ಆಗ್ಲಿ ಸಾರ್. ಹೆಸರು ನಂದು," ಎಂದು ಅಡಿಯಲ್ಲಿ ಒಂದು ಗೆರೆಯನ್ನೂ ಎಳೆದೆ.