ಹಿಂದಿನ ಸೀಟಿಗೆ ಬಂದ ಹಾಡು

ಆಗೆಲ್ಲ ಕಾರಿನಲ್ಲಿ ಹಾಡು ಹಚ್ಚಿದರೆ ಅದು ಮುಂದೆ ಕೂತವರ ಪಾಲಿನದು. ಹಿಂದೆ ಕೂತವರಿಗೆ ಸಿಗುತ್ತಿದ್ದದ್ದು ಗಾಳಿ ಮತ್ತು ಧೂಳು. ನಮ್ಮ ಇಂಡಿ ಊರಿನಲ್ಲಿ ಕಾರು ಇದ್ದ ಮನೆಗಳೇ ಕಡಿಮೆ, ಹಾಗಾಗಿ ಈ ಅನ್ಯಾಯದ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ನಾನು ಮೂರನೇ ಇಯತ್ತೆಯಲ್ಲಿದ್ದ ಬೇಸಿಗೆಯಲ್ಲಿ ನಮ್ಮಪ್ಪ ತಲೆ ಕೆಡಿಸಿಕೊಂಡ.

ಕಾರು ಅಜ್ಜನದು. ಅಂಬಾಸಿಡರ್, ಆಗಲೇ ಹಳೆಯದು. ಅಜ್ಜನಿಗೆ ನಿಂಬೆ ತೋಟವಿತ್ತು, ಕಾರಿನ ಡಿಕ್ಕಿಯಲ್ಲಿ ಸದಾ ನಿಂಬೆಹಣ್ಣಿನ ಚೀಲ. ಸೀಟಿಗೆ, ಕಿಟಕಿಯ ರಬ್ಬರಿಗೆ, ನಮ್ಮ ಬಟ್ಟೆಗೆಲ್ಲ ಅದೇ ವಾಸನೆ. ಶಾಲೆಯಲ್ಲಿ ಪಕ್ಕದ ಹುಡುಗಿ ನನ್ನ ತೋಳು ಮೂಸಿ, "ನಿನ್ನಿ ಕಾರಿನ್ಯಾಗ ಎಲ್ಲಿಗಿ ಹೋಗಿದ್ದಿ?" ಎಂದು ಕೇಳುತ್ತಿದ್ದಳು. ನನಗೆ ಅದೊಂದು ದೊಡ್ಡ ಹೆಮ್ಮೆ.

ಅಜ್ಜನಿಗೆ ತೋಟಕ್ಕಿಂತ ಹೆಚ್ಚು ಹೆಸರಿದ್ದದ್ದು ಪಂಚನೆಂದು. ಅಣ್ಣತಮ್ಮಂದಿರು ಬದುವಿಗೆ ಜಗಳಾಡಿದರೆ, ಬೀಗರು ಮುನಿಸಿಕೊಂಡರೆ ಕರೆ ಬರುತ್ತಿತ್ತು. ಅಜ್ಜ ಕಣ್ಣು ಮುಚ್ಚಿ ಕೂತು ಎರಡೂ ಕಡೆಯವರ ಮಾತನ್ನು ಕೊನೆತನಕ ಕೇಳುತ್ತಿದ್ದ. ಆಮೇಲೆ ಚಹಾ ತರಿಸಿ ಕುಡಿಯುತ್ತಿದ್ದ. ಚಹಾ ಮುಗಿದ ಮೇಲಷ್ಟೇ ಬಾಯಿ ಬಿಡುತ್ತಿದ್ದ. ಬೈದರೂ ಜನ ಒಪ್ಪುತ್ತಿದ್ದರು, ಪೂರ್ತಿ ಕೇಳಿಸಿಕೊಂಡು ಬೈದನಲ್ಲ ಎಂಬ ಸಮಾಧಾನಕ್ಕೆ.

ಅಂಥವನ ಕಿವಿ ಆ ವರ್ಷ ಮಂದವಾಗತೊಡಗಿತು. ಎಡಗಡೆಯಿಂದ ಮಾತಾಡಿಸಿದರೆ ಎಲ್ಲಕ್ಕೂ "ಹೂಂ, ಆಗ್ಲಿ" ಅನ್ನುತ್ತಿದ್ದ. ಮನೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅಪ್ಪ ಮಾತ್ರ ಒಂದು ದಿನ, "ಹಿಂದ ಎರಡು ಸ್ಪೀಕರ್ ಕೂಡಿಸೋಣ. ಅಪ್ಪಗ ಭಜನಿ ಪದಾ ಛಲೋ ಕೇಳ್ತಾವ," ಎಂದ. ಅಜ್ಜ ಯಾವತ್ತೂ ಕೂರುತ್ತಿದ್ದದ್ದು ಹಿಂದಿನ ಸೀಟಿನಲ್ಲೇ. ಟೇಪಿನ ಒಂದೇ ಒಂದು ಸ್ಪೀಕರು ಮುಂದೆ, ಡ್ಯಾಶ್‌ಬೋರ್ಡಿನ ಕೆಳಗೆ, ಅಪ್ಪನ ಮೊಣಕಾಲಿಗೆ ಹಾಡು ಹೇಳುತ್ತ ಕೂತಿತ್ತು.

ವಿಜಾಪುರದ ಅಂಗಡಿಗೆ ಅಜ್ಜನನ್ನೇ ಕರೆದುಕೊಂಡು ಹೋದೆವು. ಅಂಗಡಿಯವನು ಮಡಕೆಯಷ್ಟು ದಪ್ಪದ ಒಂದು ಜೋಡಿ ತೋರಿಸಿದ.

"ಇದನ್ನ ಒಯ್ರಿ ಯಜಮಾನ್ರ. ಮದುವಿ ಮೆರವಣಿಗಿ ಹೊಂಟಂಗ ಆಗ್ತದ."

"ನನಗ ಮೆರವಣಿಗಿ ಬ್ಯಾಡ," ಅಂದ ಅಜ್ಜ. "ಹಾಡಾವ ಏನ್ ಅನ್ನಾಕತ್ತಾನ ಅನ್ನೂದು ತಿಳದ್ರ ಸಾಕು."

ಒಂದೊಂದನ್ನೇ ಹಚ್ಚಿಸಿ, ಬಲಗಿವಿ ಕೊಟ್ಟು, ಕಣ್ಣು ಮುಚ್ಚಿ ಕೇಳಿದ. ನ್ಯಾಯಕ್ಕೆ ಕೂತ ಹಾಗೆಯೇ ಕೂತಿದ್ದ, ಚಹಾ ಕೂಡ ಬಂತು. ಕುಡಿದಾದ ಮೇಲೆ ಅಂಡಾಕಾರದ ಒಂದು ಜೋಡಿಯತ್ತ ಬೆರಳು ತೋರಿಸಿದ. ನೋಡಲು ಏನೂ ಚೆಂದವಿರಲಿಲ್ಲ, ಕರಿ ಜಾಳಿಗೆಯ ಮುಚ್ಚಳ ಅಷ್ಟೇ. ನನಗೆ ಪಕ್ಕದಲ್ಲಿದ್ದ, ಕೆಂಪು ದೀಪ ಹತ್ತುವ ಜೋಡಿ ಬೇಕಿತ್ತು, ಕೇಳುವವರು ಯಾರು?

ಕೂಡಿಸುವಾಗ ಮತ್ತೊಂದು ತಕರಾರು. ಮಿಸ್ತ್ರಿ ಹಿಂದಿನ ತಗಡಿಗೆ ತೂತು ಹೊಡೆಯಬೇಕೆಂದ. ತನ್ನ ಗಾಡಿಗೆ ಕತ್ತರಿ ಹಚ್ಚಕೂಡದೆಂದು ಅಜ್ಜ ಹಟ ಹಿಡಿದ. ಕಡೆಗೆ ಒಂದು ಹಲಗೆಯಲ್ಲಿ ತೂತು ಕೊರೆಸಿ, ಅದಕ್ಕೆ ಸ್ಪೀಕರು ಕೂಡಿಸಿ, ಸೀಟಿನ ಬೆನ್ನಿಗೂ ಹಿಂದಿನ ಗಾಜಿಗೂ ನಡುವಿನ ಕಟ್ಟೆಯ ಮೇಲೆ ಬಿಗಿದರು. ಅಂಗಳದಲ್ಲಿ ಟೇಪು ಹಚ್ಚಿದಾಗ ಅಜ್ಜ ಹಿಂದೆ ಒರಗಿ ಕೂತು, ಪದದ ಕೊನೆಯ ಸಾಲನ್ನು ತಾನೂ ಅಂದ. ಅಪ್ಪನ ಮುಖ ನೋಡಬೇಕಿತ್ತು.

ಸಿಟ್ಟಾದವಳು ನಮ್ಮ ಆಯಿ, ಅಂದರೆ ಅಜ್ಜಿ. ಆ ಕಟ್ಟೆ ಅವಳದಾಗಿತ್ತು. ಪ್ರಯಾಣಕ್ಕೆ ಹೊರಟರೆ ಖಡಕ್ ಜೋಳದ ರೊಟ್ಟಿಯ ಗಂಟನ್ನು ಅವಳು ಅಲ್ಲೇ ಇಡುತ್ತಿದ್ದಳು. ಡಿಕ್ಕಿಯಲ್ಲಿಟ್ಟರೆ ನಿಂಬೆಹಣ್ಣಿನ ಪಸೆಗೆ ರೊಟ್ಟಿ ಮೆತ್ತಗಾಗುತ್ತವೆ, ಹಿಂದಿನ ಗಾಜಿನ ಬಿಸಿಲಿಗೆ ಗರಿಗರಿ ಉಳಿಯುತ್ತವೆ ಎಂಬುದು ಅವಳ ಲೆಕ್ಕ.

"ನನ್ನ ರೊಟ್ಟಿ ಎಲ್ಲಿ ಇಡ್ಲಿ ಈಗ?"

"ಎರಡು ಸ್ಪೀಕರಿನ ನಡುವ ಹಲಗಿ ಮ್ಯಾಲ ಜಾಗಾ ಐತೆಲ್ಲ ಯವ್ವಾ, ಅಲ್ಲೇ ಇಡು," ಎಂದು ಅಪ್ಪ ಸಮಾಧಾನ ಮಾಡಿದ.

ಮರುದಿನ ಮುದ್ದೇಬಿಹಾಳಕ್ಕೆ ಹೊರಟೆವು. ಅತ್ತೆಯನ್ನು ಕೊಟ್ಟ ಮನೆಯಲ್ಲಿ ಪಾಲಿನ ಮಾತು ಎದ್ದಿತ್ತು. ಮಾವ ಮತ್ತು ಅವನ ತಮ್ಮ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಇಬ್ಬರೂ ಒಪ್ಪಿದ್ದು ಒಂದೇ ವಿಷಯಕ್ಕೆ: ಇಂಡಿಯ ಮುತ್ಯಾ, ಅಂದರೆ ನಮ್ಮಜ್ಜ, ಬಂದು ಕೂತರೆ ಅವರು ಅಂದ ಹಾಗೆ ಕೇಳುತ್ತೇವೆ ಎಂದು. ಅಜ್ಜ ಹೋಗದಿದ್ದರೆ ಕೋರ್ಟಿನ ಹಾದಿ, ಅತ್ತೆ ಅದಕ್ಕೇ ಅಳುತ್ತಿದ್ದಳು.

ಅಪ್ಪ ಗಾಡಿ ಓಡಿಸುತ್ತಿದ್ದ. ಹಿಂದೆ ಒಂದು ಕಿಟಕಿಗೆ ಅಜ್ಜ, ಇನ್ನೊಂದಕ್ಕೆ ಆಯಿ, ನಡುವೆ ನಾನು. ಸಿಂದಗಿ ಬರುವ ಮೊದಲೇ ಆಯಿ ತಲೆತುಂಬ ಸೆರಗು ಬಿಗಿದುಕೊಂಡು ನಿದ್ದೆ ಹೋದಳು. ಗಾಡಿ ಹೊರಟರೆ ನಿದ್ದೆ, ನಿಂತರೆ ಎಚ್ಚರ, ಅದು ಅವಳ ಪದ್ಧತಿ. ನಾನು ಮಡಿಲಲ್ಲಿ ಗಜಗದ ಬೀಜಗಳನ್ನು ಹಾರಿಸಿ ಹಿಡಿಯುತ್ತ ಆಡುತ್ತಿದ್ದೆ. ಟೇಪಿನಲ್ಲಿ ಭಜನೆ ನಡೆದಿತ್ತು.

"ಹೆಂಗ ಕೇಳ್ತದ ಅಪ್ಪಾ?" ಎಂದು ಅಪ್ಪ ಇಂಜಿನ್ನಿನ ಸದ್ದಿನ ಮೇಲೆ ಕೂಗಿ ಕೇಳಿದ.

"ಛಲೋ ಐತಿ," ಅಂದ ಅಜ್ಜ. ದೇವರ ಹಿಪ್ಪರಗಿ ದಾಟಿತು. ಅಜ್ಜ ಬಲಗಿವಿಗೆ ಬೆರಳಿಡುವನು, ತೆಗೆಯುವನು, ಎಡಗಿವಿಗೆ ಇಡುವನು. ಮುಖ ಸಣ್ಣಗಾಗುತ್ತ ಬಂದಿತ್ತು. ಬಸವನ ಬಾಗೇವಾಡಿ ಇನ್ನೂ ಮುಂದಿರುವಾಗ ಅಪ್ಪನ ಹೆಗಲು ಮುಟ್ಟಿ ಹೇಳಿದ:

"ಗಾಡಿ ಹೊಳ್ಳಿಸು. ಮನಿಗಿ ಹೋಗೂಣು."

ಅಪ್ಪ ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿದ. ಇಂಜಿನ್ನೂ ಬಂದ್ ಆಯಿತು, ಟೇಪೂ ಬಂದ್ ಆಯಿತು.

"ಯಾಕಪಾ? ಆರಾಮ ಇಲ್ಲೇನು?"

"ನನ್ನ ಕಿವಿ ಮುಗದಾವ," ಅಂದ ಅಜ್ಜ. ಅವನ ದನಿ ಅಷ್ಟು ಮೆತ್ತಗೆ ಆದದ್ದನ್ನು ನಾನು ಕೇಳಿರಲಿಲ್ಲ. "ಪದದ ಹಿಂದ ಜ್ವಾಳ ಹುರದಂಗ ಸಪ್ಪಳ ಬರಾಕತ್ತೈತಿ. ನಿನಗ ಕೇಳವಲ್ದು, ನನಗಷ್ಟ ಕೇಳ್ತೈತಿ. ಹಿಂತಾ ಕಿವಿ ಹೊತ್ಕೊಂಡು ಇಬ್ಬರ ನಡುವ ಹೆಂಗ ಕುಂಡ್ರಲಿ? ಒಬ್ಬನ ಮಾತು ತಪ್ಪಿ ಕೇಳಿದ್ರ ಒಂದು ಮನಿ ಹಾಳಾಗ್ತದ."

ನಾನು ಗಜಗ ಹೆಕ್ಕುತ್ತಲೇ, "ನನಗೂ ಕೇಳಾಕತ್ತೈತೆಲ್ಲ ಅಜ್ಜಾ," ಅಂದೆ. ಹೊಸ ಸ್ಪೀಕರು ಹಾಗೇ ಇರುತ್ತದೆಂದು ನಾನು ತಿಳಿದಿದ್ದೆ.

ಅಜ್ಜ ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿದ. "ನಿನಗೂ ಕೇಳ್ತೈತಿ? ಖರೆ ಹೇಳು ತಂಗಿ. ಹೆಂಗ ಕೇಳ್ತೈತಿ?"

"ಬರ್ ಬರ್ ಅಂತ. ಡೋಲಕ್ ಬಡದಾಗ ಜಾಸ್ತಿ."

ಅಪ್ಪ ಟೇಪು ಹಚ್ಚಿದ. ಇಂಜಿನ್ ಸದ್ದಿಲ್ಲದ ಕಾರಿನಲ್ಲಿ ಈಗ ಎಲ್ಲರಿಗೂ ಕೇಳಿಸಿತು. ಡೋಲಕ್ಕಿನ ಪೆಟ್ಟಿಗೊಮ್ಮೆ ಬರ್ರೆಂದು ಸದ್ದು. "ಹರಕ ಸ್ಪೀಕರ್ ಕೊಟ್ಟು ಕಳಿಸ್ಯಾನ ಆ ಮನಷ್ಯಾ," ಎಂದು ಅಪ್ಪ ಅಂಗಡಿಯವನ ವಂಶವನ್ನೆಲ್ಲ ನೆನೆಯತೊಡಗಿದ.

ಗಾಡಿ ನಿಂತದ್ದಕ್ಕೆ ಆಯಿಗೆ ಎಚ್ಚರವಾಯಿತು. ನಿಂತಿತೆಂದರೆ ಊಟದ ಹೊತ್ತು. ಯಾರನ್ನೂ ಕೇಳದೆ, ಹಿಂದೆ ಕೈಚಾಚಿ ರೊಟ್ಟಿಯ ಗಂಟನ್ನು ಮಡಿಲಿಗೆ ಎಳೆದುಕೊಂಡಳು.

ಸದ್ದು ನಿಂತುಬಿಟ್ಟಿತು. ಹಾಡು ಒಂದೇ ಉಳಿಯಿತು, ತೊಳೆದಿಟ್ಟ ಹಾಗೆ.

ಅಪ್ಪ ಗಂಟನ್ನು ತೆಗೆದುಕೊಂಡು ಮತ್ತೆ ಹಲಗೆಯ ಮೇಲಿಟ್ಟ. ಬರ್ರ್. ಎತ್ತಿದ, ಇಲ್ಲ. ಬಿಸಿಲಿಗೆ ಕಾಯಿಸಿ ಗರಿಗರಿ ಮಾಡಿಟ್ಟ ರೊಟ್ಟಿಗಳು ಒಂದರ ಮೇಲೊಂದು ಕೂತು ಡೋಲಕ್ಕಿಗೆ ತಾಳ ಹಾಕುತ್ತಿದ್ದವು.

"ಏನ್ ಆಟಾ ಹಚ್ಚೀರಿ ನನ್ನ ರೊಟ್ಟಿ ಕೂಡ? ಮುರದಾವು," ಅಂದಳು ಆಯಿ.

ಅಜ್ಜ ನಗತೊಡಗಿದ. ನಕ್ಕು ನಕ್ಕು ಕಣ್ಣೊರೆಸಿಕೊಂಡ, ಕಣ್ಣೊರೆಸಿಕೊಳ್ಳುವುದು ಮಾತ್ರ ಬೇಗ ಮುಗಿಯಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದವರ ಮುಖ ಹೇಗಿರುತ್ತದೆಂದು ನಾನು ಮೊದಲ ಬಾರಿ ನೋಡಿದ್ದು ಆ ಮರದ ಕೆಳಗೆ. ಅಲ್ಲೇ ಗುರೆಳ್ಳ ಹಿಂಡಿ, ಗಟ್ಟಿ ಮೊಸರು ಹಚ್ಚಿಕೊಂಡು ರೊಟ್ಟಿ ತಿಂದೆವು. ಅಪ್ಪ ಮತ್ತು ಅಜ್ಜ ಬಹಳ ಹಸಿದವರಂತೆ ತಿಂದರು.

ಮುದ್ದೇಬಿಹಾಳದಲ್ಲಿ ಅಜ್ಜ ಪಡಸಾಲೆಯ ನಡುವೆ ಕೂತ. ಕೂರುವ ಮೊದಲು ಒಂದು ಮಾತು ಹೇಳಿದ. ಅಲ್ಲಿಯವರೆಗೆ ಮನೆಯವರ ಎದುರಿಗೂ ಆಡದ ಮಾತು ಅದು.

"ನನ್ನ ಎಡಗಿವಿ ಮಂದ ಐತಿ. ಇಬ್ಬರೂ ಬಲಕ್ಕ ಕುಂಡರ್ರಿ."

ಮುಖ ನೋಡದ ಅಣ್ಣತಮ್ಮಂದಿರು ಒಂದೇ ಜಮಖಾನೆಯ ಮೇಲೆ, ಹೆಗಲಿಗೆ ಹೆಗಲು ತಾಗುವಂತೆ ಕೂರಬೇಕಾಯಿತು. ಸಂಜೆಯೊಳಗೆ ಪಾಲಾಯಿತು. ಬಾವಿ ಇಬ್ಬರಿಗೂ ಕೂಡಿಯೇ ಉಳಿಯಿತು. ಅತ್ತೆ ನಮಗೆಲ್ಲ ಸಿಹಿ ಸಜ್ಜಕ ಮಾಡಿ ಬಡಿಸಿದಳು.

ಅಜ್ಜ ಹೋಗಿ ಬಹಳ ವರ್ಷವಾಯಿತು, ಕಾರೂ ಹೋಯಿತು. ಈಗಿನ ನಮ್ಮ ಕಾರಿನ ಬಾಗಿಲು ಬಾಗಿಲಿಗೂ ಸ್ಪೀಕರು ಇದೆ, ಕಾರ್ಖಾನೆಯಿಂದಲೇ ಬಂದದ್ದು. ಆರಿಸಲು ಯಾರೂ ಅಂಗಡಿಯಲ್ಲಿ ಕಣ್ಣು ಮುಚ್ಚಿ ಕೂರಲಿಲ್ಲ. ಹೋದ ತಿಂಗಳು ಸಿಂದಗಿಯ ದಾರಿಯಲ್ಲಿ ಎಲ್ಲಿಂದಲೋ ಸಣ್ಣಗೆ ಗುಂಯ್ ಎನ್ನುವ ಸದ್ದು ಕೇಳಿಸಿತು. ಗಾಡಿಯದೋ, ನನ್ನ ಕಿವಿಯದೋ ಗೊತ್ತಾಗಲಿಲ್ಲ. ನನಗೂ ಅಜ್ಜನ ವಯಸ್ಸು ಹತ್ತಿರ ಬರುತ್ತಿದೆ. ನಿಮಗೂ ಕೇಳಿಸುತ್ತಿದೆಯೇ ಎಂದು ಹಿಂದೆ ಕೂತ ಮಕ್ಕಳನ್ನು ಕೇಳಿದೆ, ಎರಡು ಸಲ ಕೇಳಿದೆ. ಇಯರ್‌ಫೋನು ಸಿಕ್ಕಿಸಿಕೊಂಡ ಅವರವರ ಕಿವಿಯಲ್ಲಿ ಅವರವರ ಹಾಡಿತ್ತು.